ಏಪ್ರಿಲ್‌ಗೆ ಬಿಲ್ಲು ಏರುತ್ತದೆ: ಇರಬೇಕಾ, ಬಿಡಬೇಕಾ, ಚೌಕಾಸಿ ಮಾಡಬೇಕಾ?

ಬ್ರಿಟನ್ನಿಗೆ ಹೊಸದಾಗಿ ಬಂದ ನಮ್ಮವರಿಗೆ ಮೊದಲ ವರ್ಷ ತಲೆಕೆಡಿಸುವ ವಿಷಯಗಳಲ್ಲಿ ಇದೂ ಒಂದು. ಬ್ರಾಡ್‌ಬ್ಯಾಂಡ್‌ಗೆ 24 ತಿಂಗಳ ಕಾಂಟ್ರಾಕ್ಟ್ ಮಾಡಿಕೊಂಡಿರುತ್ತೀರಿ. ತಿಂಗಳಿಗೆ 25 ಪೌಂಡ್ ಅಂತ ಮಾತಾಗಿರುತ್ತದೆ. ಏಪ್ರಿಲ್‌ನಲ್ಲಿ ನೋಡಿದರೆ ಬ್ಯಾಂಕಿನಿಂದ 29 ಹೋಗಿರುತ್ತದೆ. ಫೋನ್ ಮಾಡಿ ಕೇಳಿದರೆ, "ಕಾಂಟ್ರಾಕ್ಟ್‌ನಲ್ಲೇ ಇದೆಯಲ್ಲ ಸರ್" ಅನ್ನುತ್ತಾರೆ. ನಿಜ, ಇರುತ್ತದೆ. ಕಾಂಟ್ರಾಕ್ಟ್ ನಮ್ಮನ್ನು ಕಟ್ಟಿಹಾಕುತ್ತದೆ, ಅವರ ದರವನ್ನಲ್ಲ.

ಊರಿನ ಪ್ರೀಪೇಡ್‌ಗೆ ಒಗ್ಗಿದವರಿಗೆ ಇದು ವಿಚಿತ್ರ ಅನ್ನಿಸುವುದು ಸಹಜ. 2024ರ ಜುಲೈನಲ್ಲಿ ಜಿಯೊ, ಏರ್‌ಟೆಲ್, ವಿ ಮೂರೂ ದರ ಏರಿಸಿದಾಗ ಜನ ಬೈದರು. ಆದರೆ ಮಾಡಿಸಿದ ರೀಚಾರ್ಜ್ ಮುಗಿಯುವ ತನಕ ಹಳೇ ದರವೇ ನಡೆಯಿತು. ಬೇಡ ಅನ್ನಿಸಿದವರು ಪೋರ್ಟ್ ಮಾಡಿಸಿಕೊಂಡು ಹೋದರು. ಇಲ್ಲಿ ಹಾಗಲ್ಲ. ಹೊರಗೆ ಹೋಗಬೇಕಾದರೆ ಉಳಿದ ತಿಂಗಳುಗಳ ದುಡ್ಡು ಕಟ್ಟಬೇಕು.

ಹಾಗಂತ ದಾರಿಯೇ ಇಲ್ಲ ಅಂತಲ್ಲ. ಐದಾರು ದಾರಿಗಳಿವೆ. ಯಾವುದು ಯಾರಿಗೆ ಹೊಂದುತ್ತದೆ ಅನ್ನುವುದು ಎರಡೇ ವಿಷಯದ ಮೇಲೆ ನಿಂತಿದೆ: ನಿಮ್ಮ ಕಾಂಟ್ರಾಕ್ಟ್ ಯಾವತ್ತು ಶುರುವಾಯಿತು, ಅದರಲ್ಲಿ ಇನ್ನೆಷ್ಟು ತಿಂಗಳು ಉಳಿದಿದೆ.

ಮೊದಲು ನಿಯಮ ಏನು ಹೇಳುತ್ತದೆ

ಮುಂಚೆ ಹೆಚ್ಚಿನ ದೊಡ್ಡ ಕಂಪನಿಗಳು ಹಣದುಬ್ಬರದ ಜೊತೆಗೆ ಶೇ. 3.9 ಸೇರಿಸಿ ಏರಿಸುತ್ತಿದ್ದವು. ಆ ವರ್ಷದ ಹಣದುಬ್ಬರ ಎಷ್ಟಿರುತ್ತದೋ ಸಹಿ ಹಾಕುವಾಗ ಯಾರಿಗೆ ಗೊತ್ತು? 2022ರ ಡಿಸೆಂಬರ್‌ನಲ್ಲಿ ಅದು ಶೇ. 10.5 ಇತ್ತು. ಹಾಗಾಗಿ 2023ರ ವಸಂತದಲ್ಲಿ ಬಿಟಿ, ಇಇ, ವೊಡಾಫೋನ್ ಗಿರಾಕಿಗಳಲ್ಲಿ ಬಹಳ ಜನರಿಗೆ ಶೇ. 14.4 ಏರಿತು. ಓ2 ಹಣದುಬ್ಬರ ಅಳೆಯುವ ಬೇರೆ ಸೂಚ್ಯಂಕ ಹಿಡಿಯುತ್ತಿತ್ತು, ಅಲ್ಲಿ ಶೇ. 17.3. ಸಂಬಳ ಅಷ್ಟು ಏರಿದವರು ಯಾರಾದರೂ ಇದ್ದರೆ ಕೈ ಎತ್ತಿ.

ಆ ಗಲಾಟೆಯ ನಂತರ ಇಲ್ಲಿನ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಆಫ್‌ಕಾಮ್ ನಿಯಮ ಬದಲಾಯಿಸಿತು. 2025ರ ಜನವರಿ 17ರಿಂದ ಆಗುವ ಹೊಸ ಕಾಂಟ್ರಾಕ್ಟ್‌ಗಳಲ್ಲಿ ಶೇಕಡಾ ಲೆಕ್ಕ, ಹಣದುಬ್ಬರದ ಲೆಕ್ಕ ಎರಡೂ ಇರುವಂತಿಲ್ಲ. ಏರಿಸುವುದಿದ್ದರೆ ಎಷ್ಟು ಪೌಂಡ್, ಎಷ್ಟು ಪೆನ್ಸ್, ಯಾವಾಗಿನಿಂದ ಅಂತ ಸಹಿ ಹಾಕುವ ಮೊದಲೇ ಹೇಳಬೇಕು.

ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಇದರಲ್ಲೊಂದು ಕೊಕ್ಕೆ ಇದೆ. ಏರಿಸಬೇಡಿ ಅಂತ ಆಫ್‌ಕಾಮ್ ಹೇಳಲಿಲ್ಲ, ಹೇಳಿ ಏರಿಸಿ ಅಂದಿತು. ಬಿಟಿ ಮತ್ತು ಇಇ ಬ್ರಾಡ್‌ಬ್ಯಾಂಡ್‌ಗೆ ಮೊದಲು ತಿಂಗಳಿಗೆ 3 ಪೌಂಡ್ ಏರಿಕೆ ಅಂತ ಬರೆದುಕೊಂಡವು. 2025ರಲ್ಲಿ ಹೊಸ ಗಿರಾಕಿಗಳಿಗೆ ಅದನ್ನೇ 4 ಮಾಡಿದವು. ಎಲ್ಲರಿಗೂ ಒಂದೇ ಮೊತ್ತ ಅಂದರೆ ಪೆಟ್ಟು ಬೀಳುವುದು ಅಗ್ಗದ ಪ್ಲಾನ್ ತಗೊಂಡವರಿಗೆ. 25 ಪೌಂಡಿನ ಮೇಲೆ 4 ಪೌಂಡ್ ಅಂದರೆ ಶೇ. 16. ಮೊಬೈಲ್‌ನಲ್ಲಿ ಇನ್ನೂ ಮಜಾ: 40 ಪೌಂಡಿನ ಪ್ಲಾನ್ ಇದ್ದವರಿಗೆ 2.50 ಪೌಂಡ್ ಏರಿದರೆ ಲೆಕ್ಕಕ್ಕೇ ಬರುವುದಿಲ್ಲ, 8 ಪೌಂಡಿನ ಸಿಮ್ ಇಟ್ಟುಕೊಂಡವರಿಗೆ ಅದು ಶೇ. 31 ಏರಿಕೆ. ಹಣದುಬ್ಬರ ಶೇ. 10 ದಾಟಿದ ವರ್ಷದಲ್ಲೂ ಇಂಥ ಏರಿಕೆ ಇರಲಿಲ್ಲ.

2025ರ ಜನವರಿ 17ಕ್ಕಿಂತ ಮೊದಲು ಸಹಿ ಹಾಕಿದವರಿಗೆ ಹಳೇ ಲೆಕ್ಕವೇ ನಡೆಯಬಹುದು. ಅದಕ್ಕೇ ಕಾಂಟ್ರಾಕ್ಟ್‌ನ ತಾರೀಕು ಮೊದಲು ನೋಡಿ ಅನ್ನುವುದು. ಇಮೇಲ್‌ನಲ್ಲಿ ಕಾಂಟ್ರಾಕ್ಟ್ ಸಾರಾಂಶ ಅಂತ ಒಂದೆರಡು ಪುಟದ ಕಾಗದ ಬಂದಿರುತ್ತದೆ. ಎಲ್ಲ ಅದರಲ್ಲೇ ಇರುತ್ತದೆ.

ಹೊಸದಾಗಿ ಸೇರುವವರು: ಅಗ್ಗದ್ದಾ, ಏರದ್ದಾ?

ಜಾಸ್ತಿ ದುಡ್ಡು ಉಳಿಯುವುದು ಇಲ್ಲೇ. ಹೋಲಿಕೆ ವೆಬ್‌ಸೈಟ್‌ಗಳು ಮೊದಲ ತಿಂಗಳ ದರವನ್ನು ದೊಡ್ಡಕ್ಷರದಲ್ಲಿ ತೋರಿಸುತ್ತವೆ. ಏರಿಕೆ ಕೆಳಗೆ ಸಣ್ಣಕ್ಷರದಲ್ಲಿ ಇರುತ್ತದೆ. ನೀವು ನೋಡಬೇಕಾದ್ದು 24 ತಿಂಗಳ ಒಟ್ಟು ಮೊತ್ತ.

ಒಂದು ಲೆಕ್ಕ ಹಾಕೋಣ. ತಿಂಗಳಿಗೆ 25 ಪೌಂಡ್, ಪ್ರತಿ ಏಪ್ರಿಲ್‌ಗೆ 4 ಪೌಂಡ್ ಏರಿಕೆ. ಮಾರ್ಚ್‌ನಲ್ಲಿ ಸೇರಿದಿರಿ ಅಂದುಕೊಳ್ಳಿ. ಒಂದೇ ತಿಂಗಳು 25 ಕಟ್ಟುತ್ತೀರಿ. ಆಮೇಲೆ 12 ತಿಂಗಳು 29, ಉಳಿದ 11 ತಿಂಗಳು 33. ಒಟ್ಟು 736 ಪೌಂಡ್. ನಿಜವಾದ ದರ ತಿಂಗಳಿಗೆ 30 ಪೌಂಡ್ 67 ಪೆನ್ಸ್.

ಅದೇ ಪ್ಲಾನಿಗೆ ಮೇ ತಿಂಗಳಲ್ಲಿ ಸೇರಿದರೆ 11 ತಿಂಗಳು 25, 12 ತಿಂಗಳು 29, ಕೊನೆಯ ಒಂದೇ ತಿಂಗಳು 33. ಒಟ್ಟು 656. ಪ್ಲಾನ್ ಅದೇ, ಕಂಪನಿ ಅದೇ, ಎರಡು ತಿಂಗಳು ಆಚೀಚೆ ಆಗಿದ್ದಕ್ಕೆ 80 ಪೌಂಡ್ ವ್ಯತ್ಯಾಸ.

ಈಗ ಇನ್ನೊಂದು ಕಂಪನಿ 28 ಪೌಂಡ್ ಹೇಳುತ್ತದೆ, ಆದರೆ ಕಾಂಟ್ರಾಕ್ಟ್ ಮುಗಿಯುವವರೆಗೆ ಏರಿಸುವುದಿಲ್ಲ ಅನ್ನುತ್ತದೆ. ಒಟ್ಟು 672. ಮಾರ್ಚ್‌ನಲ್ಲಿ ಸೇರುವವರಿಗೆ ಇದರಿಂದ 64 ಪೌಂಡ್ ಉಳಿತಾಯ. ಮೇನಲ್ಲಿ ಸೇರುವವರಿಗೆ 16 ಪೌಂಡ್ ನಷ್ಟ. ಅಂದರೆ "ದರ ಏರಿಸಲ್ಲ" ಅನ್ನುವ ಮಾತಿಗೆ ಸುಮ್ನೆ ಮರುಳಾಗುವುದೂ ಬೇಡ, 25 ಅನ್ನುವ ಅಂಕಿಗೆ ಮರುಳಾಗುವುದೂ ಬೇಡ. ಚಳಿಗಾಲದ ಕೊನೆಯಲ್ಲಿ ಸೇರುವುದಾದರೆ ಏರದ ಪ್ಲಾನ್ ಕಡೆ ವಾಲಿ. ಏಪ್ರಿಲ್ ಕಳೆದ ಮೇಲಾದರೆ ಎರಡನ್ನೂ ಲೆಕ್ಕ ಹಾಕಿ. ಹೊಸದಾಗಿ ಸೇರಿದವರಿಗೆ ಮೊದಲ ಏಪ್ರಿಲ್ ಬಿಟ್ಟುಕೊಡುತ್ತಾರಾ ಅಂತಲೂ ಕೇಳಿ. ಬಿಟ್ಟುಕೊಟ್ಟರೆ ಮೇಲಿನ ಲೆಕ್ಕ ಪೂರ್ತಿ ತಿರುಗುತ್ತದೆ.

ದರ ಏರಿಸದವರು ಯಾರು? ಪಟ್ಟಿ ಬದಲಾಗುತ್ತಲೇ ಇರುತ್ತದೆ. ಸಾಮಾನ್ಯವಾಗಿ ತಮ್ಮದೇ ಫೈಬರ್ ಎಳೆದಿರುವ ಸಣ್ಣ ಕಂಪನಿಗಳಲ್ಲಿ ಹುಡುಕಿ. ಅಂಥದ್ದೊಂದು ಕಂಪನಿ ಹೈಪರ್‌ಆಪ್ಟಿಕ್, ದೊಡ್ಡ ಫ್ಲ್ಯಾಟ್ ಕಟ್ಟಡಗಳಿಂದ ಶುರುವಾದದ್ದು. ಇಂಥವರು ನಿಮ್ಮ ಬೀದಿಗೆ ಬಂದಿದ್ದರೆ ನಿಮ್ಮ ಅದೃಷ್ಟ. ಬಂದಿಲ್ಲದಿದ್ದರೆ ಬಿಟಿ, ಸ್ಕೈ, ಪ್ಲಸ್‌ನೆಟ್, ವೊಡಾಫೋನ್ ಎಲ್ಲರೂ ಹೆಚ್ಚಾಗಿ ಓಪನ್‌ರೀಚ್ ಅನ್ನುವ ಕಂಪನಿ ಎಳೆದ ಅದೇ ತಂತಿಯಲ್ಲೇ ಇಂಟರ್ನೆಟ್ ಕೊಡುವುದು. ದೊಡ್ಡವರಲ್ಲಿ ವರ್ಜಿನ್ ಮೀಡಿಯಾಗೆ ಮಾತ್ರ ತನ್ನದೇ ಕೇಬಲ್. ಹಾಗಾಗಿ ಓಪನ್‌ರೀಚ್ ತಂತಿಯ ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋದರೆ ಲೈನ್ ಹಾಳಾಗುತ್ತದೆ ಅನ್ನುವ ಭಯ ಬೇಡ. ಬದಲಾಗುವುದು ಬಿಲ್ಲು, ರೌಟರ್ ಮತ್ತು ಫೋನ್ ಎತ್ತುವವರು.

ಮೊಬೈಲ್‌ಗೆ ನನ್ನ ಮಾತು ನೇರ

ಸಿಮ್ ಮಾತ್ರ ಬೇಕಾದರೆ 24 ತಿಂಗಳ ಕಾಂಟ್ರಾಕ್ಟ್ ಮಾಡಲೇಬೇಡಿ. ತಿಂಗಳ ತಿಂಗಳ ಪ್ಲಾನ್ ತಗೊಳ್ಳಿ. ಗಿಫ್‌ಗ್ಯಾಫ್ ಓ2 ನೆಟ್‌ವರ್ಕ್ ಮೇಲೆ ನಡೆಯುತ್ತದೆ, ಸ್ಮಾರ್ಟಿ ಥ್ರೀ ಮೇಲೆ, ವಾಕ್ಸಿ ಮತ್ತು ಲೆಬಾರಾ ವೊಡಾಫೋನ್ ಮೇಲೆ. ಟವರ್ ಅದೇ. ದರ ಏರಿಸಿದರೆ ಮುಂದಿನ ತಿಂಗಳೇ ಬಿಟ್ಟು ಹೊರಡಬಹುದು. ಊರಿನ ಪ್ರೀಪೇಡ್‌ಗೆ ತೀರಾ ಹತ್ತಿರದ್ದು ಇದೇ. ಇಲ್ಲಿಗೆ ಈಗಷ್ಟೇ ಬಂದವರಿಗೆ ಕ್ರೆಡಿಟ್ ಹಿಸ್ಟರಿ ಇರುವುದಿಲ್ಲ, ದೊಡ್ಡ ಕಾಂಟ್ರಾಕ್ಟ್ ಕೇಳಿದರೆ ಅರ್ಜಿ ತಿರಸ್ಕಾರ ಆಗುವುದೂ ಉಂಟು. ಈ ಪ್ಲಾನ್‌ಗಳಿಗೆ ಆ ರಗಳೆ ಹೆಚ್ಚಾಗಿ ಇಲ್ಲ.

ಬೇಸಿಗೆಯಲ್ಲಿ ಐದಾರು ವಾರ ಊರಿಗೆ ಹೋಗುವವರಿಗೆ ಇನ್ನೊಂದು ಅನುಕೂಲ. ಆ ತಿಂಗಳು ಪ್ಲಾನ್ ನಿಲ್ಲಿಸಿಬಿಡಬಹುದು. ನಂಬರ್ ಉಳಿಯಲು ಎಷ್ಟು ದಿನಕ್ಕೊಮ್ಮೆ ಬಳಸಬೇಕು ಅಂತ ನೋಡಿಕೊಳ್ಳಿ ಅಷ್ಟೇ. ಗಿಫ್‌ಗ್ಯಾಫ್‌ನಲ್ಲಿ ಆರು ತಿಂಗಳು ಏನೂ ಬಳಸದೇ ಬಿಟ್ಟರೆ ನಂಬರ್ ಹೋಗುತ್ತದೆ. ಇಲ್ಲಿನ ಬ್ಯಾಂಕಿನ ಒಟಿಪಿ ಎಲ್ಲ ಆ ನಂಬರಿಗೇ ಬರುವುದರಿಂದ ಇದು ಸಣ್ಣ ವಿಷಯ ಅಲ್ಲ.

ಹ್ಯಾಂಡ್‌ಸೆಟ್ ಸಮೇತ ಕಾಂಟ್ರಾಕ್ಟ್ ತಗೊಳ್ಳುವುದಾದರೆ ಫೋನಿನ ಕಂತು ಬೇರೆ, ಏರ್‌ಟೈಮ್ (ಕರೆ, ಡೇಟಾದ ದುಡ್ಡು) ಬೇರೆ ಇರುವ ಪ್ಲಾನ್ ಆರಿಸಿ. ಓ2 ಹೀಗೆ ಕೊಡುತ್ತದೆ. ಏಪ್ರಿಲ್ ಏರಿಕೆ ಏರ್‌ಟೈಮ್‌ಗೆ ಮಾತ್ರ ತಾಗುತ್ತದೆ, ಕಂತು ಹಾಗೇ ಇರುತ್ತದೆ. ಕೈಯಲ್ಲಿ ದುಡ್ಡಿದ್ದರೆ ಫೋನ್ ಅಂಗಡಿಯಲ್ಲಿ ಕೊಂಡು ಅಗ್ಗದ ಸಿಮ್ ಹಾಕಿಕೊಳ್ಳುವುದು ಇನ್ನೂ ಮೇಲು.

ಈಗಾಗಲೇ ಸಿಕ್ಕಿಹಾಕಿಕೊಂಡವರು: ಬಿಡುವ ಹಕ್ಕು ಯಾವಾಗ ಇದೆ?

ಕಾಂಟ್ರಾಕ್ಟ್‌ನಲ್ಲಿ 4 ಪೌಂಡ್ ಅಂತ ಬರೆದಿದ್ದು, 4 ಪೌಂಡೇ ಏರಿಸಿದರೆ ಬಿಡುವ ಹಕ್ಕು ಇಲ್ಲ. ಅದಕ್ಕೆ ಕಸ್ಟಮರ್ ಕೇರ್‌ನವರ ಹತ್ತಿರ ಗಂಟಲು ಹರಿದುಕೊಂಡು ಪ್ರಯೋಜನವಿಲ್ಲ. ಬರೆದಿದ್ದಕ್ಕಿಂತ ಜಾಸ್ತಿ ಏರಿಸಿದರೆ, ಅಥವಾ ಏನೂ ಬರೆಯದೇ ಏರಿಸಿದರೆ ಕಥೆ ಬೇರೆ. ಆಗ ಅವರು ಒಂದು ತಿಂಗಳು ಮೊದಲೇ ತಿಳಿಸಬೇಕು, ನೀವು 30 ದಿನದೊಳಗೆ ದಂಡ ಕಟ್ಟದೇ ಹೊರಡಬಹುದು.

ಇದು ಬರೀ ಪುಸ್ತಕದ ಮಾತಲ್ಲ. 2025ರ ಅಕ್ಟೋಬರ್‌ನಲ್ಲಿ ಓ2 ಇದನ್ನೇ ಮಾಡಿತು. ಏಪ್ರಿಲ್‌ಗೆ 1.80 ಪೌಂಡ್ ಏರಿಕೆ ಅಂತ ಹೇಳಿಕೊಂಡಿದ್ದನ್ನು 2.50 ಮಾಡಿ ಪತ್ರ ಕಳಿಸಿತು. ಹೊಸ ನಿಯಮದ ಆಶಯಕ್ಕೇ ಇದು ವಿರುದ್ಧ ಅಂತ ಆಫ್‌ಕಾಮ್ ಬೇಸರ ಹೇಳಿಕೊಂಡಿತು, ಮಂತ್ರಿಗಳವರೆಗೂ ವಿಷಯ ಹೋಯಿತು. ಆದರೂ ನಿಯಮದ ಅಕ್ಷರಕ್ಕೆ ಅದು ತಪ್ಪಲ್ಲ, ಯಾಕೆಂದರೆ ಗಿರಾಕಿಗಳಿಗೆ 30 ದಿನದಲ್ಲಿ ಬಿಡುವ ಅವಕಾಶ ಕೊಟ್ಟಿತ್ತು. ಆ ಅವಕಾಶ ಇಮೇಲ್ ಓದಿದವರಿಗೆ ಮಾತ್ರ. ಹ್ಯಾಂಡ್‌ಸೆಟ್ ಕಂತು ಇದ್ದವರು ಬಿಡಬೇಕಾದರೆ ಬಾಕಿ ಕಂತು ಕಟ್ಟಲೇಬೇಕಿತ್ತು. ಸ್ಕೈ ಕೂಡ 2025ರಲ್ಲಿ ಬ್ರಾಡ್‌ಬ್ಯಾಂಡ್ ದರ ಏರಿಸಿದಾಗ ಗಿರಾಕಿಗಳಿಗೆ ಹೊರಡಲು ಸುಮಾರು ಒಂದು ತಿಂಗಳು ಇತ್ತು. ಹೀಗಾಗಿ ಕಂಪನಿಯ ಇಮೇಲ್‌ಗಳನ್ನು ಜಾಹೀರಾತು ಅಂತ ಕಣ್ಣುಮುಚ್ಚಿ ಡಿಲೀಟ್ ಮಾಡುವ ಅಭ್ಯಾಸ ಇದ್ದರೆ ಬಿಡಿ. "ನಿಮ್ಮ ದರದಲ್ಲಿ ಬದಲಾವಣೆ" ಅಂತ ವಿಷಯ ಇದ್ದರೆ ಆವತ್ತೇ ತೆರೆದು ತಾರೀಕು ನೋಡಿ.

ದಂಡವಿಲ್ಲದೇ ಹೊರಡುವ ಇನ್ನೊಂದು ಬಾಗಿಲು ಬಹಳ ಜನರಿಗೆ ಗೊತ್ತಿಲ್ಲ: ವೇಗ. ದೊಡ್ಡ ಬ್ರಾಡ್‌ಬ್ಯಾಂಡ್ ಕಂಪನಿಗಳು ಸಹಿ ಹಾಕುವಾಗ ಇಷ್ಟು ಎಂಬಿ ಕನಿಷ್ಠ ಅಂತ ಗ್ಯಾರಂಟಿ ಕೊಡುತ್ತವೆ. ಅದಕ್ಕಿಂತ ಕಡಿಮೆ ಬರುತ್ತಿದ್ದು, ದೂರು ಕೊಟ್ಟು 30 ದಿನವಾದರೂ ಸರಿ ಮಾಡದಿದ್ದರೆ ಬಿಡಬಹುದು. ವೇಗ ಅಳೆಯುವಾಗ ಲ್ಯಾಪ್‌ಟಾಪ್ ಅನ್ನು ರೌಟರ್‌ಗೆ ಕೇಬಲ್ ಹಾಕಿ ಅಳೆಯಿರಿ. ಅಡುಗೆಮನೆಯಲ್ಲಿ ನಿಂತು ವೈಫೈನಲ್ಲಿ ಅಳೆದ ಅಂಕಿಯನ್ನು ಅವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಸಹಿ ಹಾಕಿ ಎರಡು ವಾರ ಆಗಿಲ್ಲವೇ? ಆನ್‌ಲೈನ್‌ನಲ್ಲೋ ಫೋನಿನಲ್ಲೋ ಮಾಡಿದ ಕಾಂಟ್ರಾಕ್ಟ್ ಆದರೆ 14 ದಿನದೊಳಗೆ ಮನಸ್ಸು ಬದಲಾಯಿಸಬಹುದು. ಬಳಸಿದಷ್ಟಕ್ಕೆ ಕೊಡಬೇಕು ಅಷ್ಟೇ. ಅಂಗಡಿಗೆ ಹೋಗಿ ಸಹಿ ಹಾಕಿದ್ದರೆ ಈ ಹಕ್ಕು ಇಲ್ಲ.

ದುಡ್ಡು ಕೊಟ್ಟು ಬಿಡುವುದು

ಸಿಟ್ಟಿನಲ್ಲಿ ಇದನ್ನು ಮಾಡುವವರಿದ್ದಾರೆ. ಲೆಕ್ಕ ನೋಡಿ. ಐದು ತಿಂಗಳು ಉಳಿದಿದೆ, ತಿಂಗಳಿಗೆ 33. ಎಕ್ಸಿಟ್ ಫೀ ಸುಮಾರು 165, ಕೆಲವರು ಅದರಲ್ಲಿ ಸ್ವಲ್ಪ ಕಳೆಯುತ್ತಾರೆ. ಹೊಸ ಕಂಪನಿಗೆ 26ರಂತೆ ಐದು ತಿಂಗಳಿಗೆ 130. ಅಂದರೆ ಐದು ತಿಂಗಳ ಬಿಲ್ಲನ್ನು ಎರಡೆರಡು ಕಡೆ ಕಟ್ಟಿದ ಹಾಗಾಯಿತು. ಹೊಸ ಕಂಪನಿ "ನಿಮ್ಮ ಎಕ್ಸಿಟ್ ಫೀ ನಾವು ಕೊಡುತ್ತೇವೆ" ಅನ್ನುವ ಆಫರ್ ಇಟ್ಟಿದ್ದರೆ ಮಾತ್ರ ಯೋಚಿಸಿ. ಅದಕ್ಕೂ ಮಿತಿ ಇರುತ್ತದೆ, ಹಳೇ ಕಂಪನಿಯ ಕೊನೆಯ ಬಿಲ್ಲು ಕಳಿಸಲು ಗಡುವೂ ಇರುತ್ತದೆ.

ಮೊಬೈಲ್‌ನಲ್ಲಿ ದಂಡ ಎಷ್ಟು ಅಂತ ತಿಳಿಯಲು ಯಾರ ಹತ್ತಿರವೂ ಮಾತಾಡಬೇಕಿಲ್ಲ. ಇಂಗ್ಲಿಷಿನಲ್ಲಿ "ಇನ್ಫೋ" ಅಂತ ಬರೆದು 85075ಕ್ಕೆ ಮೆಸೇಜ್ ಕಳಿಸಿ, ಉತ್ತರ ಬರುತ್ತದೆ. ನಂಬರ್ ಸಮೇತ ಹೊರಡುವುದಾದರೆ ಪಿ, ಎ, ಸಿ ಅನ್ನುವ ಮೂರು ಇಂಗ್ಲಿಷ್ ಅಕ್ಷರ ಬರೆದು 65075ಕ್ಕೆ. ಬರುವ ಕೋಡ್ 30 ದಿನ ನಡೆಯುತ್ತದೆ. ಅದನ್ನು ಹೊಸ ಕಂಪನಿಗೆ ಕೊಟ್ಟರೆ ಆಯಿತು, ಹಳೇ ಕಂಪನಿಗೆ ಫೋನ್ ಮಾಡಿ "ಯಾಕೆ ಹೋಗುತ್ತಿದ್ದೀರಿ" ಅನ್ನುವ ವಿಚಾರಣೆ ಎದುರಿಸಬೇಕಿಲ್ಲ. ಬ್ರಾಡ್‌ಬ್ಯಾಂಡ್‌ನಲ್ಲೂ 2024ರ ಸೆಪ್ಟೆಂಬರ್‌ನಿಂದ ಹೀಗೇ ಆಗಿದೆ. ಹೊಸ ಕಂಪನಿಗೆ ಹೇಳಿದರೆ ಸಾಕು, ಹಳೇದನ್ನು ಅವರೇ ನಿಲ್ಲಿಸುತ್ತಾರೆ.

ಚೌಕಾಸಿ

ಗಾಂಧಿ ಬಜಾರಿನಲ್ಲಿ ಒಂದು ಮೊಳ ಹೂವಿಗೆ ಐದು ರೂಪಾಯಿ ಇಳಿಸುವವರು ಇಲ್ಲಿ ಬಂದು ಹೇಳಿದಷ್ಟು ಕೊಟ್ಟು ಸುಮ್ಮನಿರುತ್ತಾರೆ. ಇಂಗ್ಲಿಷ್ ಫೋನ್ ಕರೆಯ ಮುಜುಗರ ಇರಬಹುದು. ಆದರೆ ಈ ಮಾರುಕಟ್ಟೆ ನಡೆಯುವುದೇ ಚೌಕಾಸಿಯ ಮೇಲೆ.

ಕಾಂಟ್ರಾಕ್ಟ್ ಮುಗಿದಿದ್ದರೆ ಅಥವಾ ಮುಗಿಯಲು ಕೆಲವೇ ವಾರ ಇದ್ದರೆ ನಿಮ್ಮ ಕೈ ಮೇಲು. ಮುಗಿಯುವ 10ರಿಂದ 40 ದಿನ ಮೊದಲು ಕಂಪನಿಯೇ ನಿಮಗೆ ಸೂಚನೆ ಕಳಿಸಬೇಕು ಅನ್ನುವ ನಿಯಮ 2020ರಿಂದ ಇದೆ. ಅದು ಬಂದ ದಿನ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ. ಸುಮ್ನೆ ಬಿಟ್ಟರೆ ದರ ಇನ್ನೂ ಮೇಲೆ ಹೋಗುತ್ತದೆ.

ಫೋನ್ ಮಾಡಿದಾಗ "ಬಿಡಲು ಯೋಚಿಸುತ್ತಿದ್ದೇನೆ" ಅನ್ನುವ ಆಯ್ಕೆ ಒತ್ತಿ. ಆ ಕಡೆ ಕೂತವರಿಗೆ ದರ ಇಳಿಸುವ ಅಧಿಕಾರ ಇರುತ್ತದೆ. ಮಾತು ಹೀಗಿರಲಿ: "ನನ್ನ ವಿಳಾಸಕ್ಕೆ ಇನ್ನೊಂದು ಕಂಪನಿ ಇದೇ ವೇಗ 26ಕ್ಕೆ ಕೊಡುತ್ತಿದೆ. ನಿಮ್ಮದು 33. ನನಗೆ ಇಲ್ಲೇ ಇರುವ ಮನಸ್ಸಿದೆ. ಏನು ಮಾಡಬಹುದು?" ಅಂಕಿ ಹೇಳಿ, ಆಮೇಲೆ ಸುಮ್ಮನಾಗಿ. ಮೊದಲ ಆಫರ್‌ಗೆ ತಲೆಯಾಡಿಸಬೇಡಿ. ಬರುವ ಆಫರ್‌ನಲ್ಲಿ ಮೂರು ಕೇಳಿ: ಎಷ್ಟು ತಿಂಗಳು, ಮುಂದಿನ ಏಪ್ರಿಲ್‌ಗೆ ಎಷ್ಟು ಏರುತ್ತದೆ, ಇಮೇಲ್‌ನಲ್ಲಿ ಬರೆದು ಕಳಿಸುತ್ತೀರಾ.

ಕಾಂಟ್ರಾಕ್ಟ್ ಮಧ್ಯದಲ್ಲಿದ್ದರೂ ಕೇಳಬಹುದು. ದರ ಸ್ವಲ್ಪ ಇಳಿಸಿ ಮತ್ತೆ 24 ತಿಂಗಳು ಕಟ್ಟಿಹಾಕುವ ಆಫರ್ ಬರುತ್ತದೆ. 3 ಪೌಂಡ್ ಉಳಿತಾಯಕ್ಕೆ ಇನ್ನೆರಡು ಏಪ್ರಿಲ್ ಏರಿಕೆ ತಲೆಮೇಲೆ ಹಾಕಿಕೊಂಡಂತೆ ಅದು. ನಾನಾದರೆ ಬೇಡ ಅನ್ನುತ್ತೇನೆ. ಉಳಿದಿರುವುದು ಎಂಟು ತಿಂಗಳಿಗಿಂತ ಕಡಿಮೆ ಇದ್ದರೆ ಏರಿಕೆ ಕಟ್ಟಿಕೊಂಡು ಇದ್ದುಬಿಡುವುದೇ ಲೇಸು. 4 ಪೌಂಡಿನಂತೆ ಎಂಟು ತಿಂಗಳಿಗೆ 32 ಪೌಂಡ್. ಬೇಜಾರಾಗುತ್ತದೆ, ಆದರೆ ಮಿಕ್ಕ ದಾರಿಗಳು ಇದಕ್ಕಿಂತ ದುಬಾರಿ.

ಸೋಷಿಯಲ್ ಟ್ಯಾರಿಫ್

ಯೂನಿವರ್ಸಲ್ ಕ್ರೆಡಿಟ್, ಪೆನ್ಷನ್ ಕ್ರೆಡಿಟ್‌ನಂಥ ಸರ್ಕಾರಿ ನೆರವು ಪಡೆಯುವವರಿಗೆ ಅಗ್ಗದ ಬ್ರಾಡ್‌ಬ್ಯಾಂಡ್ ಇದೆ. ಅದೇ ಕಂಪನಿಯಲ್ಲಿದ್ದರೆ ಮಧ್ಯದಲ್ಲೇ ಇದಕ್ಕೆ ಬದಲಾಯಿಸಿಕೊಳ್ಳಲು ಸಾಮಾನ್ಯವಾಗಿ ದಂಡ ಇಲ್ಲ. ಅರ್ಹರಾದವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ, ಬೇರೆ ಯಾವುದನ್ನೂ ಹೋಲಿಸಬೇಕಾಗಿಯೂ ಇಲ್ಲ. ಆದರೆ ಸ್ಕಿಲ್ಡ್ ವರ್ಕರ್ ಅಥವಾ ಸ್ಟೂಡೆಂಟ್ ವೀಸಾದಲ್ಲಿ ಬಂದ ನಮ್ಮವರಿಗೆ ಸರ್ಕಾರಿ ನೆರವು ಪಡೆಯಬಾರದು ಅನ್ನುವ ಷರತ್ತು ಇರುತ್ತದೆ. ಅಗ್ಗದ ಪ್ಲಾನ್ ಸಿಗಲಿ ಅಂತ ಆ ನೆರವಿಗೆ ಅರ್ಜಿ ಹಾಕಲು ಹೋಗಬೇಡಿ, ವೀಸಾಗೇ ತೊಂದರೆ. ಇಲ್ಲೇ ನೆಲೆಸಿರುವ, ಪೆನ್ಷನ್ ಕ್ರೆಡಿಟ್ ಬರುವ ಹಿರಿಯರು ನಿಮ್ಮ ಪರಿಚಯದಲ್ಲಿದ್ದರೆ ಅವರಿಗೆ ಮಾತ್ರ ಖಂಡಿತ ಹೇಳಿ.

ಮಾಡಬಾರದ ಒಂದು ಕೆಲಸ, ಮತ್ತೆ ಊರಿಗೆ ವಾಪಸ್ ಹೋಗುವವರಿಗೆ

ಸಿಟ್ಟು ಬಂತು ಅಂತ ಬ್ಯಾಂಕಿನಿಂದ ತಾನಾಗಿ ಹೋಗುವ ಡೈರೆಕ್ಟ್ ಡೆಬಿಟ್ ನಿಲ್ಲಿಸಬೇಡಿ. ಕಾಂಟ್ರಾಕ್ಟ್ ನಿಲ್ಲುವುದಿಲ್ಲ, ಬಾಕಿ ಬೆಳೆಯುತ್ತದೆ. ಡಿಫಾಲ್ಟ್ ಅಂತ ಬಿದ್ದರೆ ಕ್ರೆಡಿಟ್ ಫೈಲ್‌ನಲ್ಲಿ ಆರು ವರ್ಷ ಕೂರುತ್ತದೆ. ಮನೆ ಸಾಲಕ್ಕೆ ಹೋದಾಗ 30 ಪೌಂಡಿನ ಜಗಳ ನೆನಪಾಗುತ್ತದೆ. ಬಿಲ್ಲು ಕಟ್ಟುತ್ತಲೇ ಲಿಖಿತ ದೂರು ಕೊಡಿ. ಅವರು ಬಗೆಹರಿಸದಿದ್ದರೆ ನಮ್ಮಿಂದ ಇನ್ನೇನೂ ಆಗದು ಅಂತ ಬರೆದುಕೊಡುವ "ಡೆಡ್‌ಲಾಕ್" ಪತ್ರ ಕೇಳಿ, ಆಮೇಲೆ ಇಂಥ ದೂರು ಬಗೆಹರಿಸುವ ಸ್ವತಂತ್ರ ಸಂಸ್ಥೆಗಳಾದ ಕಮ್ಯುನಿಕೇಷನ್ಸ್ ಓಂಬುಡ್ಸ್‌ಮನ್ ಅಥವಾ ಸಿಸಾಸ್‌ಗೆ ಹೋಗಿ. ನಿಮ್ಮ ಕಂಪನಿ ಯಾವುದರ ಸದಸ್ಯ ಅಂತ ಬಿಲ್ಲಿನಲ್ಲೋ ಅವರ ವೆಬ್‌ಸೈಟಿನಲ್ಲೋ ಇರುತ್ತದೆ. ಗಿರಾಕಿಗೆ ಇದು ಉಚಿತ. ಆಫ್‌ಕಾಮ್‌ಗೆ ಬರೆದರೆ ಅವರು ಒಬ್ಬೊಬ್ಬರ ದೂರು ಬಗೆಹರಿಸುವುದಿಲ್ಲ.

ವೀಸಾ ಮುಗಿದೋ ಕೆಲಸ ಬಿಟ್ಟೋ ಊರಿಗೆ ಹೊರಟರೆ ದೇಶ ಬಿಡುವುದು ಅನ್ನುವ ಕಾರಣಕ್ಕೇ ದಂಡ ತಾನಾಗಿ ಮನ್ನಾ ಆಗುವುದಿಲ್ಲ. ವೀಸಾ ಎರಡು ವರ್ಷಕ್ಕಿಂತ ಕಡಿಮೆ ಉಳಿದಿರುವಾಗ 24 ತಿಂಗಳ ಕಾಂಟ್ರಾಕ್ಟ್ ಬೇಡ ಅನ್ನುವುದು ಅದಕ್ಕೇ. ಆಗ 12 ತಿಂಗಳದ್ದೋ, ಸ್ವಲ್ಪ ದುಬಾರಿಯಾದರೂ ತಿಂಗಳ ತಿಂಗಳದ್ದೋ ನೋಡಿ. ವಿದ್ಯಾರ್ಥಿಗಳಿಗೆ ಶಾಲಾ ವರ್ಷಕ್ಕೆ ಹೊಂದುವ 9 ತಿಂಗಳ ಪ್ಲಾನ್‌ಗಳು ಶರತ್ಕಾಲದಲ್ಲಿ ಬರುತ್ತವೆ. ಹೊರಡುವಾಗ ರೌಟರ್ ವಾಪಸ್ ಕಳಿಸಿ, ಅಂಚೆ ರಸೀದಿಯ ಫೋಟೊ ಇಟ್ಟುಕೊಳ್ಳಿ. ಕಳಿಸದಿದ್ದರೆ ಅದಕ್ಕೂ ದುಡ್ಡು ಹಾಕುತ್ತಾರೆ. ಕೊನೆಯ ಬಿಲ್ಲು ಕಡಿತ ಆಗುವವರೆಗೆ ಬ್ಯಾಂಕ್ ಖಾತೆ ಮುಚ್ಚಬೇಡಿ.